ನೀರಿಗೆ ಹೋದ ಓಬವ್ವ

ಆ ಹಾಡು ನಮ್ಮ ಕೇರಿಗೆ ಮೊದಲು ಬಂದದ್ದು ಗಾಳಿಯ ಮೇಲೆ. 1973ರ ಬೇಸಿಗೆ. ಹೊಳಲ್ಕೆರೆ ತಾಲ್ಲೂಕಿನ ನಮ್ಮೂರಲ್ಲಿ ಪಟೇಲರ ಮನೆಯ ಮದುವೆ. ಮೈಕ್‌ಸೆಟ್ಟಿನವನು ಎರಡು ಹಾರನ್ ತಂದಿದ್ದ. ಒಂದನ್ನು ಚಾವಡಿಯ ಮಾಳಿಗೆಗೆ ಕಟ್ಟಿದ, ಇನ್ನೊಂದನ್ನು ಹುಣಸೇಮರಕ್ಕೆ. ಎರಡರ ಬಾಯಿಯೂ ಊರ ಕಡೆಗೇ. ಕೇರಿಗೆ ಅವುಗಳ ಬೆನ್ನು. ಆದರೂ ಗಾಳಿ ತಿರುಗಿದರೆ ಹಾಡು ನಮ್ಮ ಕಡೆಗೆ ಬರುತ್ತಿತ್ತು. ತಿರುಗದಿದ್ದರೆ ಎದುರಿನ ಕಲ್ಲುಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. ಊರಿನವರು ಒಂದು ಸಲ ಪೂರ್ತಿ ಕೇಳಿದ್ದನ್ನು ನಾವು ಎರಡು ಸಲ ಅರ್ಧರ್ಧ ಕೇಳಿದೆವು.

ನಾವು ಎಂದರೆ ಕೇರಿಯ ಏಳೆಂಟು ಹುಡುಗರು. ಈಗ ಉಳಿದಿರುವವರು ಮೂವರು. ಒಬ್ಬ ಹಿರಿಯೂರಿನಲ್ಲಿ ಮೇಷ್ಟ್ರಾಗಿದ್ದು ರಿಟೈರಾದ, ಒಬ್ಬ ಹೊಸದುರ್ಗದಲ್ಲಿ ಗಾರೆ ಕೆಲಸ ಮಾಡಿಕೊಂಡಿದ್ದಾನೆ, ಒಬ್ಬ ಊರಲ್ಲೇ ಇದ್ದಾನೆ. ಇದನ್ನು ಬರೆಯುತ್ತಿರುವ ಕೈ ಯಾರದೆನ್ನುವುದು ಬೇಡ. ಹಾಡು ಕೇಳಿದ್ದು ಒಟ್ಟಿಗೆ, ಅದರ ಬಗ್ಗೆ ಜಗಳ ಆಡಿದ್ದೂ ಒಟ್ಟಿಗೆ.

ಹಾಡು 'ನಾಗರಹಾವು' ಚಿತ್ರದ್ದು. ಒನಕೆ ಓಬವ್ವನ ಕತೆ ಹೇಳುವ ಹಾಡು. ಮೈಕ್‌ಸೆಟ್ಟಿನವನ ಪ್ಲೇಟಿಗೆ ಅದಾಗಲೇ ಹತ್ತು ಮದುವೆಯ ಧೂಳು ಮೆತ್ತಿತ್ತು. ಒಂದು ಕಡೆ ಗೀರು ಬಿದ್ದಿತ್ತು. ಕಾವಲುಗಾರ ಗಂಡ ಉಣ್ಣಲು ಬಂದಿದ್ದಾನೆ, ಮನೆಯಲ್ಲಿ ನೀರಿಲ್ಲ, ಓಬವ್ವ ಕೊಡ ಹಿಡಿದು ಹೊರಟಿದ್ದಾಳೆ. ಸರಿಯಾಗಿ ಅಲ್ಲಿಗೆ ಬಂದಾಗ ಮುಳ್ಳು ಸಿಕ್ಕಿಕೊಳ್ಳುತ್ತಿತ್ತು. ಓಬವ್ವ ನೀರಿಗೆ ಹೊರಡುವಳು, ಮತ್ತೆ ಹೊರಡುವಳು, ಮತ್ತೂ ಹೊರಡುವಳು. ನಾಲ್ಕೈದು ಸಲ ಹಾಗಾದ ಮೇಲೆ ಮೈಕ್‌ಸೆಟ್ಟಿನವನು ಓಡಿಬಂದು ಮುಳ್ಳನ್ನು ಎತ್ತಿ ಮುಂದಕ್ಕಿಡುತ್ತಿದ್ದ. ಅಷ್ಟೊತ್ತಿಗೆ ಯುದ್ಧ ಮುಗಿಯುತ್ತ ಬಂದಿರುತ್ತಿತ್ತು. ಹೆಣಗಳು ಬಿದ್ದಾಗಿರುತ್ತಿತ್ತು. ನಡುವೆ ಏನಾಯಿತು ಎನ್ನುವುದು ನಮಗೆ ಬಹಳ ದಿನ ಗೊತ್ತೇ ಇರಲಿಲ್ಲ.

ನಮ್ಮ ದೊಡ್ಡವ್ವ ಅಂಗಳದಲ್ಲಿ ನವಣೆ ಕುಟ್ಟುತ್ತಿದ್ದಳು. ಹಾಡು ಕೇಳಿ ಒನಕೆ ನಿಲ್ಲಿಸಿ, 'ಯಾರ ಸುದ್ದೀಲಾ ಅದು?' ಅಂದಳು. ಓಬವ್ವಂದು ಅಂದೆವು. 'ನಮ್ಮ ಓಬವ್ವಂದಾ?' ಅಂದಳು. ಹೂಂ ಅಂದೆವು. ನಮ್ಮ ಎಂದಳಲ್ಲ, ಅದು ಮಾತಿನ ವರಸೆಯಲ್ಲ. ಓಬವ್ವ ಛಲವಾದಿಗಳ ಹೆಣ್ಣುಮಗಳು ಅನ್ನುವುದು ನಮ್ಮ ಕೇರಿಯಲ್ಲಿ ಪುಸ್ತಕ ಓದಿ ತಿಳಿದ ಸಂಗತಿಯಲ್ಲ. ಅಜ್ಜಿ ಹೇಳಿದ್ದು, ಅಜ್ಜಿಗೆ ಅವರಜ್ಜಿ ಹೇಳಿದ್ದು. ದೊಡ್ಡವ್ವ ಇನ್ನೊಂದಿಷ್ಟು ಹೊತ್ತು ಕಿವಿಗೊಟ್ಟಳು. ಮುಳ್ಳು ಸಿಕ್ಕಿಕೊಂಡಿತ್ತು. ಓಬವ್ವ ನೀರಿಗೆ ಹೋಗುತ್ತಲೇ ಇದ್ದಳು.

'ಅಲ್ಲಾ, ಯಾವ ನೀರಿಗೆ ಹೋಗಿದ್ಲಂತೆ? ಕೋಟೆ ಒಳಗಳ ಹೊಂಡ ಮುಟ್ಟಾಕೆ ಬಿಡ್ತಿದ್ರಾ?'

ನಮಗೆ ಉತ್ತರ ಗೊತ್ತಿರಲಿಲ್ಲ. ನಮ್ಮೂರ ಸೇದುವ ಬಾವಿಯ ಕಟ್ಟೆ ಕೆಳಗೆ ದಿನಾ ಬೆಳಿಗ್ಗೆ ನಮ್ಮವ್ವಂದಿರು ಕೊಡ ಇಟ್ಟುಕೊಂಡು ನಿಲ್ಲುತ್ತಿದ್ದರು. ಮೇಲಿನವರು ಯಾರಾದರೂ ಸೇದಿ ಸುರಿದರೆ ಉಂಟು, ಇಲ್ಲದಿದ್ದರೆ ಹಳ್ಳಕ್ಕೆ ಹೋಗಿ ವರತೆ ತೋಡಬೇಕು. ಅವತ್ತು ಮದುವೆಮನೆಯ ಗಲಾಟೆಯಲ್ಲಿ ಯಾರೂ ಸುರಿದಿರಲಿಲ್ಲ.

ಸಿನಿಮಾ ನೋಡಿದ್ದು ಮರುವರ್ಷ, ಹೊಸದುರ್ಗದ ಟೆಂಟಿನಲ್ಲಿ. ತೆಂಗಿನಕಾಯಿ ಲಾರಿಯ ಮೇಲೆ ಕೂತು ಹೋಗಿದ್ದೆವು. ನೆಲದ ಟಿಕೇಟು, ಮರಳಿನ ಮೇಲೆ ಕೂರುವುದು. ಟೆಂಟಿನ ಒಂದು ದೊಡ್ಡ ಗುಣವೆಂದರೆ ಕತ್ತಲು. ಕತ್ತಲಲ್ಲಿ ಯಾರ ಮೊಣಕಾಲು ಯಾರಿಗೆ ತಾಗಿತು ಎಂದು ಯಾರೂ ಕೇಳುವುದಿಲ್ಲ. ಆದರೆ ಅಲ್ಲಿ ಇದ್ದದ್ದು ಒಂದೇ ಪ್ರೊಜೆಕ್ಟರು. ಒಂದು ರೀಲು ಮುಗಿದಾಗಲೆಲ್ಲ ದೀಪ ಹತ್ತುತ್ತಿತ್ತು. ಓಬವ್ವನ ಹಾಡು ಮುಗಿದಾಗ ಟೆಂಟೆಲ್ಲ ಸಿಳ್ಳೆ. ನಮ್ಮ ಪಕ್ಕದಲ್ಲಿದ್ದವನು ಸಿಳ್ಳೆ ಹೊಡೆಯುತ್ತ ನಮ್ಮ ಹೆಗಲನ್ನೇ ಹಿಡಿದು ಅಲ್ಲಾಡಿಸಿದ್ದ. ಆಮೇಲೆ ರೀಲು ಮುಗಿದು ದೀಪ ಹತ್ತಿತು. ಆತ ನಮ್ಮೂರಿನವನೇ. ನಮ್ಮ ಮುಖ ನೋಡಿದ. ಏನೂ ಅನ್ನಲಿಲ್ಲ. ಟವಲು ಕೊಡವಿಕೊಂಡು ನಾಲ್ಕು ಮಾರು ಆಚೆ ಹೋಗಿ ಕೂತ. ಓಬವ್ವನಿಗೆ ಸಿಳ್ಳೆ ಹೊಡೆದ ಬಾಯಿ ಅದೇ, ಟವಲು ಕೊಡವಿದ ಕೈ ಅದೇ. ನಾವು ಸಣ್ಣವರು, ಇನ್ನೊಂದು ರೀಲು ಶುರುವಾದ ಕೂಡಲೇ ಮರೆತೆವು. ಮರೆತೆವು ಎಂದುಕೊಂಡೆವು ಅನ್ನಬೇಕು.

ಆ ಚಿತ್ರದ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನೇ ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇವೆ. ತ.ರಾ.ಸು. ಅವರ 'ನಾಗರಹಾವು', 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಎಂಬ ಮೂರು ಕಾದಂಬರಿಗಳನ್ನು ಹೆಣೆದು ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ ಅದು. ಬಿಡುಗಡೆಯಾದದ್ದು 1972ರ ಡಿಸೆಂಬರ್ 29ರಂದು. ನಿರ್ಮಾಪಕರು ಎನ್. ವೀರಾಸ್ವಾಮಿ, ಸಂಗೀತ ವಿಜಯಭಾಸ್ಕರ್. ವಿಷ್ಣುವರ್ಧನ್ ರಾಮಾಚಾರಿಯಾದರು, ಅಂಬರೀಶ್ ಜಲೀಲನಾದರು, ಇಬ್ಬರೂ ಹೆಸರು ಮಾಡಿದ್ದು ಅಲ್ಲಿಂದ. ಚಿತ್ರ ನೋಡಿದ ತ.ರಾ.ಸು. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಬೇಸರಪಟ್ಟರೆಂಬ ಮಾತು ದುರ್ಗದಲ್ಲಿ ಇವತ್ತಿಗೂ ಓಡಾಡುತ್ತದೆ. ಓಬವ್ವನ ಹಾಡು ಬರೆದವರು ಚಿ. ಉದಯಶಂಕರ್, ಹಾಡಿದವರು ಪಿ.ಬಿ. ಶ್ರೀನಿವಾಸ್. ಪರದೆಯ ಮೇಲೆ ಓಬವ್ವನಾದವರು ಜಯಂತಿ. ಇಡೀ ಚಿತ್ರದಲ್ಲಿ ಜಯಂತಿ ಇರುವುದು ಆ ಒಂದು ಹಾಡಿನಷ್ಟು ಹೊತ್ತು. ಆದರೂ ದುರ್ಗದ ಕಡೆಯವರು ಓಬವ್ವ ಎಂದು ಕಣ್ಣು ಮುಚ್ಚಿದರೆ ಕಾಣುವುದು ಜಯಂತಿಯ ಮುಖವೇ. ಅದು ಒಳ್ಳೆಯದೋ ಕೆಟ್ಟದ್ದೋ ಎನ್ನುವುದರಲ್ಲಿ ನಮ್ಮಲ್ಲೇ ಒಮ್ಮತವಿಲ್ಲ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ನಮ್ಮ ಜೊತೆಗೊಬ್ಬ ಗೆಳೆಯನಿದ್ದ. ಬೀಡಿ ಕಟ್ಟುವವರ ಮನೆಯ ಹುಡುಗ. ಓಬವ್ವನ ಹಾಡನ್ನು ನಮಗಿಂತ ಚೆನ್ನಾಗಿ ಹಾಡುತ್ತಿದ್ದವನು ಅವನು. ಚಿತ್ರ ಬಂದ ಮೇಲೆ ಸ್ಕೂಲಿನಲ್ಲಿ ಅವನಿಗೆ ಜಲೀಲ ಎಂದು ಹೆಸರಾಯಿತು. ಹಾಡಿನಲ್ಲಿ ಬರುವ ವೈರಿ ಹೈದರಾಲಿ, ಕತೆಯಲ್ಲಿ ಬರುವ ಪುಂಡ ಜಲೀಲ. ಎರಡು ಕಡೆಯಿಂದಲೂ ಅವನಿಗೇ ಏಟು. ಹಾಗೆ ಕರೆದವರಲ್ಲಿ ನಾವೂ ಇದ್ದೆವು. ನಮ್ಮನ್ನು ಇನ್ನೊಬ್ಬರು ಜಾತಿ ಹಿಡಿದು ಕರೆದರೆ ಉರಿಯುತ್ತಿತ್ತು, ಅವನನ್ನು ಹಾಗೆ ಕರೆಯುವಾಗ ನಗು ಬರುತ್ತಿತ್ತು. ಒಂದು ದಿನ ಅವನು ಹಾಡುವುದನ್ನು ನಿಲ್ಲಿಸಿದ. ನಾವು ಯಾಕೆಂದು ಕೇಳಲಿಲ್ಲ.

1976ರಲ್ಲಿ ನಾವು ನಾಲ್ವರು ಚಿತ್ರದುರ್ಗದ ಹಾಸ್ಟೆಲಿಗೆ ಸೇರಿದೆವು. ಮೊದಲ ಭಾನುವಾರವೇ ಕೋಟೆ ಹತ್ತಿದೆವು. ಓಬವ್ವನ ಕಿಂಡಿ ನೋಡಿದರೆ ಬಹಳ ಜನಕ್ಕೆ ಮೊದಲು ಆಗುವುದು ನಿರಾಶೆ. ಇಷ್ಟೇನಾ ಎನ್ನುತ್ತಾರೆ. ಬಂಡೆಗಳ ಸಂದಿಯಲ್ಲಿ ಒಬ್ಬ ಮನುಷ್ಯ ಮೈ ಮುದುರಿ ನುಸಿಯುವಷ್ಟು ಜಾಗ. ನಮಗೆ ಹಾಗಾಗಲಿಲ್ಲ. ದೊಡ್ಡವ್ವ ಒನಕೆ ಹಿಡಿಯುವುದನ್ನು ದಿನಾ ನೋಡಿದ್ದೆವಲ್ಲ. ಒನಕೆಯನ್ನು ಬೀಸಿ ಹೊಡೆಯಲಾಗುವುದಿಲ್ಲ, ಎತ್ತಿ ಕುಟ್ಟಬೇಕು. ತೂಕವೆಲ್ಲ ಕಬ್ಬಿಣದ ಕಟ್ಟು ಹಾಕಿದ ತುದಿಗೆ ಇಳಿಯಬೇಕು. ಒಬ್ಬೊಬ್ಬನೇ ತಲೆ ತೂರಿಸುವ ಇಂಥ ಸಂದಿಯಲ್ಲಿ ಕತ್ತಿಗೆ ಬೀಸಲು ಜಾಗವಿಲ್ಲ, ಒನಕೆಗೆ ಉಂಟು. ದಿನಕ್ಕೆ ಮೂರು ಸೇರು ಕುಟ್ಟುವ ಕೈಗೆ ಮಾತ್ರ ಗೊತ್ತಾಗುವ ಲೆಕ್ಕ ಅದು. ಚಿತ್ರದಲ್ಲಿ ಜಯಂತಿ ಒನಕೆ ಹಿಡಿದ ಬಗೆಯನ್ನು ದೊಡ್ಡವ್ವ ನೋಡಿದ್ದರೆ ತಿದ್ದುತ್ತಿದ್ದಳೋ ಏನೋ.

ಕಿಂಡಿಯ ಹತ್ತಿರವೇ ತಣ್ಣೀರು ದೋಣಿ. ಓಬವ್ವ ನೀರಿಗೆ ಬಂದದ್ದು ಇಲ್ಲಿಗೇ ಎಂದು ತೋರಿಸುತ್ತಾರೆ. ಬಂಡೆಯ ಅಡಿಯ ನೀರು. ನಾವು ನಾಲ್ವರೂ ಬೊಗಸೆಯಲ್ಲಿ ಕುಡಿದೆವು. ಯಾರೂ ಬೇಡ ಅನ್ನಲಿಲ್ಲ, ಅಲ್ಲಿ ಯಾರೂ ಇರಲೂ ಇಲ್ಲ. ಆದರೂ ಒಬ್ಬ ಹಿಂದಕ್ಕೆ ತಿರುಗಿ ನೋಡಿದ. ಅವನು ತಿರುಗಿದ್ದು ಕಂಡು ನಾವೂ ತಿರುಗಿ ನೋಡಿದೆವು.

ಆ ರಾತ್ರಿ ಹಾಸ್ಟೆಲಿನಲ್ಲಿ ಸೀನಿಯರ್ ಒಬ್ಬರ ಎದುರು ದೊಡ್ಡವ್ವನ ಪ್ರಶ್ನೆ ಇಟ್ಟೆವು. ಅವರು ದಲಿತ ಸಂಘರ್ಷ ಸಮಿತಿಯ ಸಭೆಗಳಿಗೆ ಭದ್ರಾವತಿಯವರೆಗೆ ಹೋಗಿಬರುತ್ತಿದ್ದವರು. 1973ರ ಬೂಸಾ ಗಲಾಟೆಯಲ್ಲಿ ಏಟು ತಿಂದವರು. ಅವರೇ ನಮಗೆ ಮಹಾಡಿನ ಕೆರೆಯ ಕತೆ ಹೇಳಿದ್ದು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರ ಜೊತೆ ನಡೆದುಹೋಗಿ ಚವದಾರ್ ಕೆರೆಯ ನೀರು ಕುಡಿದದ್ದು, ಅದಕ್ಕಾಗಿ ಜನ ಏಟು ತಿಂದದ್ದು. ಕೆರೆಯ ನೀರನ್ನು ನಾಯಿ ಕುಡಿಯಬಹುದು, ದನ ಕುಡಿಯಬಹುದು, ನಾವು ಮಾತ್ರ ಕುಡಿಯುವಂತಿರಲಿಲ್ಲ. 'ನಿಮ್ಮ ದೊಡ್ಡವ್ವ ಕೇಳಿದ್ದು ಅದನ್ನೇ ಕಣ್ರೋ' ಅಂದರು. ಆಮೇಲೆ ಹಾಡಿನ ಮೇಲೆ ಹರಿಹಾಯ್ದರು. ಅದರಲ್ಲಿ ಕೋಟೆ ಇದೆ, ದೊರೆ ಇದ್ದಾನೆ, ನಾಡು ಇದೆ, ಕಾವಲುಗಾರನ ಹೆಂಡತಿ ಎನ್ನುವವರೆಗೂ ಬರುತ್ತದೆ, ಅಲ್ಲಿಂದಾಚೆಗೆ ಅವಳ ಕೇರಿ ಇಲ್ಲ. ಅವಳ ಕೈಗೆ ಒನಕೆ ಕೊಟ್ಟು ಕುಲ ಕಿತ್ತುಕೊಂಡಿದ್ದಾರೆ. ಇದನ್ನು ನೀವು ಎದೆ ಉಬ್ಬಿಸಿ ಹಾಡ್ತೀರಲ್ಲ, ನಾಚಿಕೆ ಆಗಲ್ವಾ?

ನಮಗೆ ನಾಚಿಕೆ ಆಯಿತು. ಸುಳ್ಳೇಕೆ, ಸಿಟ್ಟೂ ಬಂತು. ಕುಲ ಕಾಣಬಾರದೆಂದು ನಾವೇ ಹೆಸರು ಬದಲಿಸಿಕೊಂಡು ಪೇಟೆಯಲ್ಲಿ ರೂಮು ಹುಡುಕುತ್ತಿದ್ದ ಕಾಲ ಅದು. ಹಾಡಿನಲ್ಲೂ ಓಬವ್ವ ಹಾಗೇ ತಲೆ ಮರೆಸಿಕೊಂಡು ಒಳಗೆ ಬಂದಿದ್ದಾಳೆ, ಬರಲಿ ಬಿಡಿ, ಒಳಗೆ ಬಂದಳಲ್ಲ ಎಂದು ಒಬ್ಬ ವಾದಿಸಿದ. ದುರ್ಗದ ನಾಯಕರೇನು ಮೇಲ್ಜಾತಿಯವರೇ, ಅವರೂ ಬೇಡರಲ್ಲವೇ ಎಂದು ಇನ್ನೊಬ್ಬ. ದೊರೆಯ ಜಾತಿ ಎಲ್ಲರಿಗೂ ಗೊತ್ತಿದೆ, ಕಾವಲುಗಾರನದು ಯಾಕೆ ಗೊತ್ತಿಲ್ಲ ಎಂದು ಸೀನಿಯರು. ರಾತ್ರಿ ಎರಡು ಗಂಟೆ ತನಕ ನಡೆಯಿತು. ಕೊನೆಗೆ ನಾವೇ ಒಂದು ಚರಣ ಕಟ್ಟಿದೆವು, ಅದೇ ಮಟ್ಟಿಗೆ. ಓಬವ್ವ ನೀರಿಗೆ ಹೋದ ದಾರಿ, ಕೊಡದ ತಳದ ತೂತು, ದೋಣಿಯ ಮೇಲೆ ನಿಂತವನ ಕಣ್ಣು, ಎಲ್ಲ ಅದರಲ್ಲಿತ್ತು. ಪ್ರಾಸ ಕೂಡಿರಲಿಲ್ಲ. ಹಾಸ್ಟೆಲಿನ ಸಮಾರಂಭದಲ್ಲಿ ಹಾಡಿದಾಗ ಮುಂದಿನ ಸಾಲಿನವರು ಇದು ಪಿಕ್ಚರಿನಲ್ಲಿ ಇಲ್ಲವಲ್ಲ ಎಂದು ಮುಖ ಮುಖ ನೋಡಿಕೊಂಡರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲೆ ನಮ್ಮಂಥವರು ಬರೆದದ್ದಕ್ಕೂ ಪುಟ ಸಿಗುವಂತಾಯಿತು. ಆ ಹೊತ್ತಿಗೆ ಆ ಚರಣ ಬರೆದ ಹಾಳೆ ಕಳೆದುಹೋಗಿತ್ತು.

ಎಂಬತ್ತರ ದಶಕದಲ್ಲಿ ಹಿರಿಯೂರಿಗೆ ಕೆಲಸಕ್ಕೆ ಹೋದವನು ಮೊದಲ ಸಂಬಳದಲ್ಲಿ ಟೇಪ್ ರೆಕಾರ್ಡರ್ ತಂದ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಲ್ಲಿ ಖಾಲಿ ಕ್ಯಾಸೆಟ್ ಕೊಟ್ಟರೆ ಪ್ಲೇಟಿನಿಂದ ಹಾಡು ತುಂಬಿಕೊಡುತ್ತಿದ್ದರು. ಪ್ಲೇಟಿನ ಚರಚರ ಸದ್ದೂ ಕ್ಯಾಸೆಟ್ಟಿಗೆ ಬಂತು. ಕಾರು ಬಿಸಿಲಿನಲ್ಲಿ ಮಾರಿಕಣಿವೆಯ ಏರಿಯ ಮೇಲೆ ಕೂತು ಅದನ್ನೇ ಕೇಳುತ್ತಿದ್ದೆವು. ಟೇಪು ಸಿಕ್ಕಿಕೊಂಡರೆ ಪೆನ್ಸಿಲು ತೂರಿಸಿ ಸುತ್ತುವುದು. ಹೀಗೆ ಸುತ್ತಿ ಸುತ್ತಿ ಪಿ.ಬಿ.ಯವರ ದನಿಯೇ ಒಂದು ಕಡೆ ವಾಲಿಕೊಂಡಿತ್ತು. ನಮಗೆ ಅದೇ ಅಸಲಿ ದನಿ.

ಮುಂದೆ ಮೂವತ್ತು ವರ್ಷ ಆ ಹಾಡಿಗೂ ನಮಗೂ ಅಷ್ಟಕ್ಕಷ್ಟೆ.

2018ರಲ್ಲಿ 'ನಾಗರಹಾವು' ಹೊಸ ರೂಪದಲ್ಲಿ ಬರುತ್ತದೆ ಎಂಬ ಸುದ್ದಿ ಬಂತು. ವೀರಾಸ್ವಾಮಿಯವರ ಮನೆಯವರೇ ಡಿಜಿಟಲ್ ಮಾಡಿಸಿ, ಬಣ್ಣ ತಿದ್ದಿಸಿ, ಸಿನಿಮಾಸ್ಕೋಪಿಗೆ ಹಿಗ್ಗಿಸಿ, ಧ್ವನಿಯನ್ನು 7.1 ಮಾಡಿ ಜುಲೈ 20ಕ್ಕೆ ಬಿಡುಗಡೆ ಮಾಡಿದರು. ನಮ್ಮ ಅಣ್ಣನ ಮಗ ಬೆಂಗಳೂರಿನಲ್ಲಿದ್ದಾನೆ. ಇಂಗ್ಲಿಷ್ ರಾಕ್ ಹಾಡುಗಳ ಹುಚ್ಚು. ಬೀಟಲ್ಸ್ ತಂಡದವರು 1967ರಲ್ಲಿ ತಂದ 'ಸಾರ್ಜೆಂಟ್ ಪೆಪ್ಪರ್' ಎಂಬ ಪ್ಲೇಟನ್ನು ಐವತ್ತು ವರ್ಷದ ನೆಪದಲ್ಲಿ 2017ರಲ್ಲಿ ಮತ್ತೆ ತೊಳೆದು, ಅವತ್ತು ಸ್ಟುಡಿಯೋದಲ್ಲಿ ಹಾಡಿ ಬಿಟ್ಟಿದ್ದ ತುಂಡುಗಳನ್ನೂ ಸೇರಿಸಿ ತಂದಿದ್ದಾರೆ, ದುಡ್ಡು ಕೊಟ್ಟು ತರಿಸಿದೆ ಎಂದು ಹೇಳಿದ. ರಾಕ್ ಅಂದ್ರೆ ಕಲ್ಲಲ್ವೇನೋ ಎಂದು ಕೇಳಿದೆವು. ಹೂಂ ಎಂದ. ಹಾಗಾದ್ರೆ ನಮ್ಮದೂ ಅದೇ ಬಿಡು, ಕಲ್ಲಿನ ಕೋಟೆಯ ಹಾಡು ಅಂದೆವು. ನಕ್ಕ. ಆಮೇಲೆ ಅವನೇ ಟಿಕೇಟು ತೆಗೆಸಿ ನಮ್ಮ ಮೂವರನ್ನೂ ದುರ್ಗಕ್ಕೆ ಕರೆದುಕೊಂಡು ಹೋದ.

ಹಳೇ ಚಿತ್ರದ ಧ್ವನಿ ಇರುತ್ತಿದ್ದದ್ದು ಫಿಲ್ಮಿನ ಅಂಚಿನಲ್ಲಿ, ಒಂದು ಕೂದಲಗಲದ ಗೆರೆಯಂತೆ ಎಂದು ಆ ಹುಡುಗ ದಾರಿಯಲ್ಲಿ ವಿವರಿಸಿದ. ದೀಪದ ಬೆಳಕು ಆ ಗೆರೆಯ ಮೂಲಕ ಹಾದು ಸದ್ದಾಗುತ್ತದೆ. ಹಾಡಿದವನ ದನಿ, ವಾದ್ಯ, ಕುದುರೆಯ ಗೊರಸು ಎಲ್ಲ ಆ ಒಂದೇ ಗೆರೆಯಲ್ಲಿ ಕಲಸಿ ಹೋಗಿರುತ್ತದೆ. ಮಾಡಿದ ಸಾರಿನಿಂದ ಉಪ್ಪು ಬೇರೆ ಹುಳಿ ಬೇರೆ ಮಾಡಿದ ಹಾಗೆ ಅದನ್ನು ಬಿಡಿಸಬೇಕು, ಗೀರಿನ ಸದ್ದು ಒರೆಸಬೇಕು, ಆಮೇಲೆ ಎಂಟು ದಾರಿಯಲ್ಲಿ ಹಂಚಬೇಕು. ಚಿತ್ರದ ಚೌಕಟ್ಟೂ ಹಾಗೆಯೇ. ಹಳೆಯದು ಹೆಚ್ಚುಕಡಿಮೆ ಚಚ್ಚೌಕ. ಅದನ್ನು ಅಗಲ ಮಾಡಬೇಕೆಂದರೆ ಒಂದೋ ಎಳೆಯಬೇಕು, ಇಲ್ಲವೇ ಮೇಲಿನಿಂದಲೂ ಕೆಳಗಿನಿಂದಲೂ ಕತ್ತರಿಸಬೇಕು. 'ಅಂದ್ರೆ ತಲೆ ಕಾಲು ಹೋಗುತ್ತೆ' ಅಂದ ನಮ್ಮ ಗಾರೆಯವನು. ಗೋಡೆಯ ಲೆಕ್ಕ ಗೊತ್ತಿದ್ದವನಿಗೆ ಬೇಗ ತಿಳಿಯಿತು.

ಥಿಯೇಟರಿನಲ್ಲಿ ಜಲೀಲ ಬಂದಾಗ ಅದೇ ಸಿಳ್ಳೆ. ನಮಗೆ ಬೀಡಿಯವರ ಮನೆಯ ಗೆಳೆಯ ನೆನಪಾದ. ಅವನು ಯಾವತ್ತೋ ಊರು ಬಿಟ್ಟಿದ್ದ.

ಓಬವ್ವನ ಹಾಡು ಬಂತು. ನಾವು ಐವತ್ತು ವರ್ಷಕ್ಕೆ ಹತ್ತಿರ ಕೇಳಿದ ಹಾಡು, ಆದರೆ ನಾವು ಅದನ್ನು ಕೇಳಿರಲೇ ಇಲ್ಲ. ಹಾರನ್ನಿನಲ್ಲಿ ಆ ದನಿ ಚೀರುತ್ತಿತ್ತು. ಗುಡ್ಡಕ್ಕೆ ಬಡಿದು ಬರುವಾಗ ಇನ್ನೂ ಒರಟಾಗುತ್ತಿತ್ತು. ಅದು ರಣಹಲಗೆಯ ಹಾಡು ಎಂದೇ ನಾವು ತಿಳಿದಿದ್ದೆವು. ಇಲ್ಲಿ ನೋಡಿದರೆ ಪಿ.ಬಿ. ಕೂಗಿಯೇ ಇಲ್ಲ. ಪಕ್ಕದಲ್ಲಿ ಕೂತು ಮಗುವಿಗೆ ಕತೆ ಹೇಳುವವರ ಹಾಗೆ ಮೆತ್ತಗೆ ಹಾಡಿದ್ದಾರೆ. ಸಾಲಿನ ಕೊನೆಗೆ ಉಸಿರು ತೆಗೆದುಕೊಳ್ಳುವುದು ಕೂಡ ಕೇಳಿಸಿತು. ರಾಜ್‌ಕುಮಾರರಿಗೆ ಅಷ್ಟು ವರ್ಷ ಪ್ರೇಮಗೀತೆ ಹಾಡಿದ ಗಂಟಲು ಅದು. ಸಾವಿನ ಕತೆಗೂ ಅದೇ ನಯವನ್ನು ಕೊಟ್ಟಿತ್ತು. ಆ ಮನುಷ್ಯ 2013ರಲ್ಲಿ ಹೋಗಿಬಿಟ್ಟಿದ್ದರು. ನಮಗೆ ಅವರ ಮೇಲೆ ಹೊಸದಾಗಿ ಅಕ್ಕರೆ ಹುಟ್ಟಿತು. ಸೀನಿಯರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ, ಆದರೂ ಅಕ್ಕರೆ ಹುಟ್ಟಿತು. ಇವೆರಡನ್ನೂ ಒಟ್ಟಿಗೆ ಇಟ್ಟುಕೊಳ್ಳುವುದು ಹೇಗೆಂದು ಹಾಸ್ಟೆಲಿನ ವಯಸ್ಸಿನಲ್ಲಿ ಗೊತ್ತಿರಲಿಲ್ಲ.

ಓಬವ್ವ ನೀರಿಗೆ ಹೊರಟಳು. ನಮ್ಮ ಮೂವರಿಗೂ ಒಟ್ಟಿಗೇ ಮೈ ಬಿಗಿಯಿತು. ಮುಳ್ಳು ಸಿಕ್ಕಿಕೊಳ್ಳಬೇಕಾದ ಜಾಗ. ಸಿಕ್ಕಿಕೊಳ್ಳಲಿಲ್ಲ. ಅವಳು ಸಲೀಸಾಗಿ ನಡೆದುಹೋದಳು, ಶಬ್ದ ಕೇಳಿದಳು, ಓಡಿಬಂದು ಒನಕೆ ಎತ್ತಿದಳು. ಹಾಡು ಮುಗಿಯಿತು. ಎಂಟು ದಿಕ್ಕಿನಿಂದಲೂ ಸದ್ದು ಬಂತು, ಈ ಸಲ ಯಾವ ಹಾರನ್ನಿನ ಬೆನ್ನೂ ನಮ್ಮ ಕಡೆಗಿರಲಿಲ್ಲ. ಚಪ್ಪಾಳೆ ಹೊಡೆದೆವು. ಆದರೆ ಏನೋ ಬೇಗ ಮುಗಿದ ಹಾಗಾಯಿತು. ನಮ್ಮ ಓಬವ್ವ ಅಷ್ಟು ಸುಲಭವಾಗಿ ನೀರು ಮುಟ್ಟಿದವಳಲ್ಲ.

ಈಚಿನ ವರ್ಷಗಳಲ್ಲಿ ಓಬವ್ವನಿಗೆ ಮರ್ಯಾದೆ ಹೆಚ್ಚಿದೆ. ದುರ್ಗದ ಕ್ರೀಡಾಂಗಣಕ್ಕೆ ಅವಳ ಹೆಸರಿದೆ, ಪೇಟೆಯಲ್ಲಿ ಪ್ರತಿಮೆ ಇದೆ. 2021ರಲ್ಲಿ ಸರ್ಕಾರ ನವೆಂಬರ್ 11ನ್ನು ಓಬವ್ವ ಜಯಂತಿ ಎಂದು ಗೊತ್ತು ಮಾಡಿತು. ಅವಳ ಕುಲದ ಹೆಸರನ್ನು ಈಗ ವೇದಿಕೆಯ ಮೇಲೆ ಗಟ್ಟಿಯಾಗಿಯೇ ಹೇಳುತ್ತಾರೆ. ಅದನ್ನು ಹೇಳಿಸಲು ಎಷ್ಟು ಜನ ಎಷ್ಟು ವರ್ಷ ಅರ್ಜಿ ಬರೆದರೆಂಬುದು ನಮಗೆ ಗೊತ್ತು. ಪರದೆಯ ಮೇಲಿನ ಓಬವ್ವ, ಜಯಂತಿ, ಅದೇ ವರ್ಷದ ಜುಲೈನಲ್ಲಿ ತೀರಿಕೊಂಡಿದ್ದರು.

ಮರುವರ್ಷದ ಜಯಂತಿಗೆ ಅಣ್ಣನ ಮಗ ಊರಿಗೆ ಬಂದಿದ್ದ. 2022ರ ಆ ವರ್ಷ ಮಳೆ ಎಂದರೆ ಮಳೆ. 1933ರ ನಂತರ ಮೊದಲ ಸಲ, ಎಂಬತ್ತೊಂಬತ್ತು ವರ್ಷಕ್ಕೆ, ಸೆಪ್ಟೆಂಬರಿನಲ್ಲಿ ಮಾರಿಕಣಿವೆ ಕೋಡಿ ಬಿದ್ದಿತ್ತು. ದೊಡ್ಡವ್ವನಿಗೂ ಹೆಚ್ಚುಕಡಿಮೆ ಅಷ್ಟೇ ವಯಸ್ಸು. ಕಣ್ಣು ಮಂಜಾಗಿದೆ, ಕಿವಿ ಚುರುಕಾಗಿದೆ. ಈಗ ಮನೆ ಮುಂದೆಯೇ ನಲ್ಲಿ. ನೀರು ಬಿಡುವ ಹೊತ್ತಿಗೆ ಇಂದಿಗೂ ಕೊಡ ಹಿಡಿದು ಅರ್ಧಗಂಟೆ ಮೊದಲೇ ಹೋಗಿ ನಿಲ್ಲುತ್ತಾಳೆ.

ಹುಡುಗ ಅವಳ ಎರಡೂ ಕಿವಿಗೆ ಇಯರ್‌ಫೋನ್ ಇಟ್ಟು ತೊಳೆದ ಹಾಡನ್ನು ಹಾಕಿದ. ಮೊದಲು ಬೆಚ್ಚಿದಳು, ತಲೆಯೊಳಗೇ ಯಾರೋ ಹಾಡಿದ ಹಾಗಾಯಿತಂತೆ. ಆಮೇಲೆ ಕಣ್ಣು ಮುಚ್ಚಿ ಕೂತಳು. ಸೀರೆಯ ಸೆರಗು ಬೆರಳಿಗೆ ಸುತ್ತಿಕೊಳ್ಳುತ್ತ ಕೊನೆಯವರೆಗೂ ಕೇಳಿದಳು. ಹಾಡು ನಿಂತ ಮೇಲೂ ಸ್ವಲ್ಪ ಹೊತ್ತು ಹಾಗೇ ಇದ್ದಳು. ಹುಡುಗ ಇಯರ್‌ಫೋನ್ ತೆಗೆದು, 'ಹೆಂಗಿತ್ತಜ್ಜಿ?' ಅಂದ.

'ಚೆನ್ನಾಗೈತೆ ಕಣಪ್ಪ. ಗರಗರ ಇಲ್ಲ' ಅಂದಳು. ಮತ್ತೆ ನಮ್ಮ ಕಡೆ ತಿರುಗಿ, 'ಅಲ್ಲಾ, ಆ ಗಂಡ ಉಣ್ಣಾಕೆ ಕೂತಿದ್ನಲ್ಲ. ನೀರು ಬಂತಾ ಕೊನೀಗೆ?' ಎಂದು ಕೇಳಿದಳು.

ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಹುಡುಗ ಫೋನಿನಲ್ಲಿ ಹಾಡನ್ನು ಹಿಂದಕ್ಕೆ ಎಳೆದು, ಓಬವ್ವ ಕೊಡ ಹಿಡಿದು ಹೊರಡುವ ಜಾಗಕ್ಕೆ ತಂದು, ಮತ್ತೆ ಹಾಕಿದ.